ಐದನೇ ಗುಂಪು ಯಾರಿಗೂ ಕಾಣಲಿಲ್ಲ: ಚಿಯರ್‌ಲೀಡಿಂಗ್ ಅಂಕಗಳ ಹಿಂದೆ ಒಂದು ಅಲೆದಾಟ

ಹೋದ ಸೀಸನ್‌ನ ಕೊನೆಯ ಸ್ಪರ್ಧೆಯಲ್ಲಿ ನಮ್ಮ ತಂಡದ ಅಂಕಪಟ್ಟಿ ಹಿಡಿದು ನಾನು ಎತ್ತಿದ ತಕರಾರು, ಮರುಪರಿಶೀಲನೆ, ಪತ್ರ, ಸಮಿತಿ, ಪ್ರಯೋಗ ಎಂದೆಲ್ಲ ಸುತ್ತಾಡಿ ಈಗ ನಿಯಮ ಪುಸ್ತಕದಲ್ಲಿ ಕೆಲವು ಸಾಲುಗಳಾಗಿ ಬಂದು ಕೂತಿದೆ. ಯಾವ ಹಂತದಲ್ಲಿ ಯಾವ ಕಾಗದ ಬೇಕು, ಯಾರನ್ನು ಕೇಳಬೇಕು, ಏನು ಕೇಳಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ ಎಂದು ತಿಳಿಸಿ ಹೇಳುವವರು ನನಗೆ ಒಬ್ಬರೂ ಸಿಗಲಿಲ್ಲ. ತಂಡ ಕಟ್ಟಿಕೊಂಡು ಓಡಾಡುವ ಕೋಚ್‌ಗಳಿಗೆ, ಮಕ್ಕಳನ್ನು ಕಳಿಸುವ ಪೋಷಕರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ಸ್ಪರ್ಧೆ ನಡೆಸಿದವರ ಹೆಸರು ಹಾಕುವುದಿಲ್ಲ. ಅವರು ಮೋಸಗಾರರಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಬಹುಶಃ ಹೀಗೇ ಆಗುತ್ತಿತ್ತು.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್ ಎಂದರೆ ಇನ್ಯಾರದೋ ಪಂದ್ಯದ ಬದಿಯಲ್ಲಿ ನಿಂತು ಕುಣಿಯುವುದಲ್ಲ. 54 ಅಡಿ ಅಗಲ, 42 ಅಡಿ ಆಳದ ಮ್ಯಾಟ್ ಮೇಲೆ ಎರಡೂವರೆ ನಿಮಿಷದ ಸಂಗೀತಕ್ಕೆ ಒಂದು ರೂಟೀನ್. ಅದರೊಳಗೇ ಸ್ಟಂಟ್ (ಒಬ್ಬರನ್ನು ಮೇಲೆತ್ತಿ ನಿಲ್ಲಿಸುವುದು), ಪಿರಮಿಡ್ (ಹಾಗೆ ಎತ್ತಿದವರನ್ನು ಒಬ್ಬರಿಗೊಬ್ಬರು ಜೋಡಿಸುವುದು), ಬಾಸ್ಕೆಟ್ ಟಾಸ್ (ಗಾಳಿಗೆ ಎಸೆದು ಹಿಡಿಯುವುದು), ಟಂಬ್ಲಿಂಗ್ (ನೆಲದ ಮೇಲಿನ ಪಲ್ಟಿಗಳು), ಜಂಪ್, ನೃತ್ಯ ಎಲ್ಲ ಮುಗಿಯಬೇಕು. ಅಂತರರಾಷ್ಟ್ರೀಯ ಚಿಯರ್ ಒಕ್ಕೂಟ, ಅಂದರೆ ಐಸಿಯು, 2021ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಪಡೆಯಿತು. ಮಾನ್ಯತೆ ಬಂತು, ಆದರೆ ಅಂಕ ಕೊಡುವುದರ ಕಷ್ಟ ಇದ್ದಲ್ಲೇ ಇದೆ. ಜಿಮ್ನಾಸ್ಟಿಕ್ಸ್‌ನಲ್ಲಿ ಬೀಮ್ ಮೇಲೆ ಒಬ್ಬಳು ಇರುತ್ತಾಳೆ, ಜಡ್ಜ್‌ಗಳೆಲ್ಲ ಅವಳೊಬ್ಬಳನ್ನೇ ನೋಡುತ್ತಾರೆ. ಇಲ್ಲಿ ಇಪ್ಪತ್ತು ಜನ ಒಂದೇ ಹೊತ್ತಿಗೆ ಏನೇನೋ ಮಾಡುತ್ತಿರುತ್ತಾರೆ. ಎಡಗಡೆ ಒಬ್ಬಳು ಗಾಳಿಯಲ್ಲಿ ತಿರುಗುತ್ತಿದ್ದರೆ ಬಲಗಡೆ ಮೂವರು ಪಲ್ಟಿ ಹೊಡೆಯುತ್ತಿರುತ್ತಾರೆ. ಜಡ್ಜ್‌ಗೆ ಇರುವುದು ಎರಡೇ ಕಣ್ಣು, ಜೊತೆಗೆ ಕೈ ಬರೆಯುತ್ತಲೂ ಇರಬೇಕು.

ನಮ್ಮ ತಂಡದಲ್ಲಿ ಇಪ್ಪತ್ತು ಜನ. ಕೆಳಗಿಂದ ಎತ್ತುವ ಇಬ್ಬರು ಬೇಸ್, ಹಿಂದಿನಿಂದ ಆಧಾರ ಕೊಡುವ ಒಬ್ಬ ಬ್ಯಾಕ್ ಸ್ಪಾಟ್, ಮೇಲೇರುವ ಒಬ್ಬಳು ಫ್ಲೈಯರ್ ಎಂದು ನಾಲ್ವರ ಐದು ಸ್ಟಂಟ್ ಗುಂಪು. ಆ ದಿನ ಐದೂ ಗುಂಪು ಒಂದೇ ಬೀಟ್‌ಗೆ ಫ್ಲೈಯರ್‌ಗಳನ್ನು ಪೂರ್ತಿ ಎತ್ತರಕ್ಕೆ ಒಂಟಿ ಕಾಲಿನಲ್ಲಿ ನಿಲ್ಲಿಸಿದವು. ಒಂದೂ ಅಲುಗಲಿಲ್ಲ. ಮ್ಯಾಟ್‌ನಿಂದ ಇಳಿದು ಬಂದ ಹುಡುಗಿಯರು ಅಳುತ್ತ ನಗುತ್ತ ಒಬ್ಬರ ಮೇಲೊಬ್ಬರು ಬಿದ್ದರು. ಫಲಿತಾಂಶದಲ್ಲಿ ನಾಲ್ಕನೇ ಸ್ಥಾನ. ಮೂರನೆಯವರಿಗೂ ನಮಗೂ ಇದ್ದ ಅಂತರ ಒಂದು ಅಂಕಕ್ಕಿಂತ ಕಡಿಮೆ.

ಬಹುಮಾನ ವಿತರಣೆ ಮುಗಿದ ಮೇಲೆ ಅಂಕಪಟ್ಟಿ ಕೈಗೆ ಬಂತು. ಸ್ಟಂಟ್ ಕಾಲಮ್‌ನ ಪಕ್ಕದಲ್ಲಿ ಜಡ್ಜ್ ಚುಟುಕಾಗಿ ಬರೆದಿದ್ದರು: ನಾಲ್ಕು ಗುಂಪು. ಆ ಸ್ಪರ್ಧೆಯ ನಿಯಮದಲ್ಲಿ ಕಠಿಣತೆಯ ಅಂಕಕ್ಕೆ ಶ್ರೇಣಿಗಳಿವೆ. ತಂಡದ ಎಲ್ಲ ಗುಂಪುಗಳೂ ಒಟ್ಟಿಗೆ ಮಾಡಿದರೆ ಮೇಲಿನ ಶ್ರೇಣಿ, ಒಂದು ತಪ್ಪಿದರೂ ಅದರ ಕೆಳಗಿನದು. ಅಂದರೆ ಜಡ್ಜ್ ನಮ್ಮ ಸ್ಟಂಟ್ ಚೆನ್ನಾಗಿಲ್ಲ ಎಂದಿರಲಿಲ್ಲ. ಒಂದು ಗುಂಪು ಅವರ ಲೆಕ್ಕಕ್ಕೆ ಸಿಕ್ಕಿರಲಿಲ್ಲ, ಅಷ್ಟೆ. ಹಿಂದಿನ ಸಾಲಿನ ನಡುವಿನ ಗುಂಪು ಮುಂದಿನ ಸಾಲಿನ ಎತ್ತರದ ಹುಡುಗಿಯ ನೇರ ಹಿಂದೆ ನಿಂತಿತ್ತು. ಜಡ್ಜ್‌ಗಳ ಮೇಜು ನೆಲಮಟ್ಟದಲ್ಲಿ, ಮ್ಯಾಟ್‌ನ ನಟ್ಟನಡುವಿಗೆ ಎದುರಾಗಿ ಇತ್ತು.

ಇಲ್ಲಿಂದ ನಿಜವಾದ ಪರದಾಟ. ಮರುಪರಿಶೀಲನೆ ಕೇಳಲು ಅಂಕಪಟ್ಟಿ ಕೈಗೆ ಬಂದ ಹೊತ್ತಿನಿಂದ ಸ್ವಲ್ಪವೇ ಸಮಯ ಇರುತ್ತದೆ ಎಂದು ನಿಯಮ ಪುಸ್ತಕದ ಕೊನೆಯ ಪುಟಗಳಲ್ಲೆಲ್ಲೋ ಓದಿದ ನೆನಪಿತ್ತು. ಅರ್ಜಿ ಎಲ್ಲಿ ಸಿಗುತ್ತದೆ ಎಂದು ನೋಂದಣಿ ಮೇಜಿನವರನ್ನು ಕೇಳಿದರೆ ಅವರು ಅಂಕ ಕೂಡಿಸುವ ಕೋಣೆಗೆ ಕಳಿಸಿದರು. ಕೋಣೆಯವರು ಮುಖ್ಯ ಜಡ್ಜ್ ಹತ್ತಿರ ಹೋಗಿ ಎಂದರು. ಮುಖ್ಯ ಜಡ್ಜ್ ಊಟಕ್ಕೆ ಹೋಗಿದ್ದರು. ಕೊನೆಗೆ ಅರ್ಜಿ ಸಿಕ್ಕಿದ್ದು ಮೊದಲು ಕೇಳಿದ್ದ ನೋಂದಣಿ ಮೇಜಿನಲ್ಲೇ, ಇನ್ನೊಬ್ಬರ ಬಳಿ. ಅದರ ಜೊತೆ ಶುಲ್ಕ ಕಟ್ಟಬೇಕು, ತಕರಾರು ಸರಿಯೆಂದು ತೀರ್ಮಾನವಾದರೆ ಮಾತ್ರ ಹಣ ವಾಪಸ್. ಶುಲ್ಕ ಇರುವುದು ಸುಮ್ಮಸುಮ್ಮನೆ ಅರ್ಜಿ ಹಾಕುವವರನ್ನು ತಡೆಯಲು ಎಂಬುದು ಅರ್ಥವಾಗುತ್ತದೆ. ಆದರೆ ಪ್ರಯಾಣ, ಉಡುಪು, ಸಂಗೀತ ಎಂದು ಕೈ ಖಾಲಿ ಮಾಡಿಕೊಂಡು ಬಂದ ಸಣ್ಣ ತಂಡದ ಕೋಚ್ ಆ ಹೊತ್ತಿನಲ್ಲಿ ಒಂದು ಗಳಿಗೆ ಯೋಚಿಸಿಯೇ ಯೋಚಿಸುತ್ತಾರೆ.

ಮುಂದೆ ಹೋಗುವವರಿಗೆ: ಸ್ಪರ್ಧೆಯ ದಿನ ಬೆಳಿಗ್ಗೆಯೇ ಅರ್ಜಿಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಗಡುವು ಯಾವಾಗ ಶುರುವಾಗುತ್ತದೆ, ಅಂಕಪಟ್ಟಿ ಮುದ್ರಿಸಿದಾಗಲೋ ನಿಮ್ಮ ಕೈಗೆ ಕೊಟ್ಟಾಗಲೋ ಎಂದೂ ಕೇಳಿ. ಇದು ಸಣ್ಣ ವಿಷಯ ಅನ್ನಿಸಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಫ್ಲೋರ್ ಫೈನಲ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಜೋರ್ಡನ್ ಚೈಲ್ಸ್ ಪರವಾಗಿ ಕೋಚ್ ಸಲ್ಲಿಸಿದ ಮನವಿಯಿಂದ ಅಂಕ 13.666ರಿಂದ 13.766ಕ್ಕೆ ಏರಿ ಕಂಚು ಬಂದಿತ್ತು. ಆಮೇಲೆ ಕ್ರೀಡಾ ನ್ಯಾಯಮಂಡಳಿ ಆ ಮನವಿ ಒಂದು ನಿಮಿಷದ ಗಡುವನ್ನು ನಾಲ್ಕು ಸೆಕೆಂಡು ಮೀರಿತ್ತು ಎಂದಿತು. ಮನವಿಯಲ್ಲಿ ಹುರುಳಿತ್ತೋ ಇಲ್ಲವೋ ಎನ್ನುವ ಪ್ರಶ್ನೆ ಪಕ್ಕಕ್ಕೆ ಸರಿದು ಗಡಿಯಾರದ ಜಗಳವೇ ದೊಡ್ಡದಾಯಿತು.

ಅರ್ಜಿಯಲ್ಲಿ ಏನು ಬರೆಯಬೇಕು ಎನ್ನುವುದು ಎರಡನೇ ಕಗ್ಗಂಟು. ಮರುಪರಿಶೀಲನೆಗೆ ಒಳಪಡುವುದು ಎಣಿಸಬಹುದಾದದ್ದು ಮಾತ್ರ: ಎಷ್ಟು ಗುಂಪು ಮಾಡಿದವು, ಡಿಡಕ್ಷನ್ (ತಪ್ಪಿಗೆ ಕಳೆದ ಅಂಕ) ಸರಿಯೇ, ಕೂಡಿಸಿದ್ದು ಸರಿಯೇ, ನಿಯಮ ಮೀರಿದ ಚಲನೆ ನಿಜವಾಗಿಯೂ ನಡೆಯಿತೇ. 'ನಮ್ಮ ಹುಡುಗಿಯರ ಕೈಕಾಲು ಇನ್ನೂ ನೇರವಾಗಿದ್ದವು, ಪ್ರದರ್ಶನಕ್ಕೆ ಇಷ್ಟು ಕಡಿಮೆ ಕೊಟ್ಟದ್ದು ಅನ್ಯಾಯ' ಎಂದು ಬರೆದರೆ ಅರ್ಜಿ ಅಲ್ಲೇ ತಿರಸ್ಕೃತ. ನನಗೆ ಎರಡೂ ದೂರು ಇದ್ದವು. ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಎರಡನೆಯದು, ಬರೆದದ್ದು ಮೊದಲನೆಯದನ್ನು ಮಾತ್ರ. 'ಸ್ಟಂಟ್ ವಿಭಾಗ, ಒಂಟಿ ಕಾಲಿನ ಎತ್ತುವಿಕೆ, ಗುಂಪುಗಳ ಸಂಖ್ಯೆ ನಾಲ್ಕಲ್ಲ ಐದು' ಎಂದು ಒಂದೇ ಸಾಲು. ರೂಟೀನ್ ಶುರುವಾದ ಎಷ್ಟನೇ ಸೆಕೆಂಡಿಗೆ ಅದು ಬರುತ್ತದೆ ಎಂಬುದನ್ನೂ ಸೇರಿಸಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಆ ಸೆಕೆಂಡಿನ ಲೆಕ್ಕವೇ.

ನಾನು ತೆಗೆಸಿದ್ದ ವಿಡಿಯೋ ಸ್ಪಷ್ಟವಾಗಿತ್ತು, ಐದು ಫ್ಲೈಯರ್‌ಗಳೂ ಕಾಣುತ್ತಿದ್ದರು. ಅದನ್ನು ನೋಡಲು ಅವರು ಒಪ್ಪಲಿಲ್ಲ. ಪ್ರೇಕ್ಷಕರ ಜಾಗದಿಂದ ತೆಗೆದದ್ದು ನಡೆಯುವುದಿಲ್ಲ, ಆಯೋಜಕರ ಕ್ಯಾಮೆರಾದ್ದೇ ಆಗಬೇಕು. ಮೊದಲು ಸಿಟ್ಟು ಬಂತು. ನಿಂತು ಯೋಚಿಸಿದರೆ ನಿಯಮ ಸರಿಯೇ ಇತ್ತು: ಒಳ್ಳೆಯ ಫೋನ್, ಒಳ್ಳೆಯ ಸೀಟು ಇರುವ ತಂಡಕ್ಕೆ ಮಾತ್ರ ನ್ಯಾಯ ಸಿಗುವುದು ನ್ಯಾಯವಲ್ಲ. ಆದರೆ ಆಯೋಜಕರ ಕ್ಯಾಮೆರಾ ಇದ್ದದ್ದು ಜಡ್ಜ್‌ಗಳ ಮೇಜಿನ ಹಿಂದೆಯೇ, ಅದೇ ಎತ್ತರದಲ್ಲಿ. ಜಡ್ಜ್‌ಗೆ ಕಾಣದ್ದು ಕ್ಯಾಮೆರಾಕ್ಕೂ ಕಾಣದು. ನಮ್ಮ ಪುಣ್ಯಕ್ಕೆ ಮಾರಾಟದ ವಿಡಿಯೋಗಾಗಿ ಒಂದು ಮೂಲೆಯಲ್ಲಿ ಎರಡನೇ ಕ್ಯಾಮೆರಾ ಇಟ್ಟಿದ್ದರು.

ಕಾಯುವುದು. ಕ್ರೀಡಾಂಗಣದ ದೀಪ ಒಂದೊಂದಾಗಿ ಆರುತ್ತಿತ್ತು, ಮ್ಯಾಟ್ ಸುರುಳಿ ಸುತ್ತುತ್ತಿದ್ದರು. ಬಸ್ಸಿನಲ್ಲಿ ಕೂತ ಮಕ್ಕಳಿಂದ 'ಮೇಡಂ, ಏನಾಯ್ತು?' ಎಂದು ಮೆಸೇಜ್ ಮೇಲೆ ಮೆಸೇಜ್. ಪೋಷಕರಲ್ಲಿ ಒಬ್ಬರು ಆಗಲೇ ವಿಡಿಯೋವನ್ನು ಎಲ್ಲ ಕಡೆ ಹಾಕಲು ಹೊರಟಿದ್ದರು. ಅವರನ್ನು ತಡೆಯುವುದೇ ಒಂದು ಕೆಲಸವಾಯಿತು. ದಯವಿಟ್ಟು ನೀವೂ ತಡೆಯಿರಿ. ತೀರ್ಮಾನ ಬರುವ ಮೊದಲು ಜಡ್ಜ್ ಮುಖವಿರುವ ವಿಡಿಯೋ ಹೊರಗೆ ಹೋಯಿತೆಂದರೆ, ಒಳಗೆ ನಿಮ್ಮ ಪರ ಮಾತಾಡಬಹುದಾದ ವ್ಯಕ್ತಿಯೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ಮುಖ್ಯ ಜಡ್ಜ್ ಹೊರಗೆ ಬಂದು ಐದು ಗುಂಪು ಎಂದು ಒಪ್ಪಿದರು. ಶ್ರೇಣಿ ಬದಲಾಯಿತು, ಒಟ್ಟು ಅಂಕದಲ್ಲಿ ನಾವು ಮೂರನೆಯವರನ್ನು ದಾಟಿದೆವು. ಆದರೆ ಮೂರನೇ ಸ್ಥಾನದ ಪದಕ ಆಗಲೇ ಇನ್ನೊಂದು ತಂಡದ ಮಕ್ಕಳ ಕೊರಳಲ್ಲಿತ್ತು. ಅದನ್ನು ಬಿಚ್ಚಿಸಿ ತನ್ನಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಅವರಿಗೂ ಇರಲಿಲ್ಲ. ಇಬ್ಬರೂ ಮೂರನೆಯವರು ಎಂದು ಪ್ರಕಟಿಸಿದರು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಕೇಟಿಂಗ್‌ನಲ್ಲಿ ಜಡ್ಜ್ ಮೇಲೆ ಒತ್ತಡ ಬಂದಿತ್ತೆಂಬ ಹಗರಣವಾಗಿ ರಷ್ಯಾ ಮತ್ತು ಕೆನಡಾ ಜೋಡಿಗಳೆರಡಕ್ಕೂ ಚಿನ್ನ ಕೊಟ್ಟದ್ದು ನೆನಪಾಯಿತು. ಅಂಥ ಕಡೆಯೇ ಹೀಗಾದರೆ ನಮ್ಮದೇನು ಮಹಾ! ಆ ಇನ್ನೊಂದು ತಂಡದ ಕೋಚ್ ಮಾತ್ರ ನನ್ನ ಕಡೆ ತಿರುಗಿಯೂ ನೋಡದೆ ಹೋದರು. ಅದು ಪದಕಕ್ಕಿಂತ ಹೆಚ್ಚು ಚುಚ್ಚಿತು.

ಇಲ್ಲಿಗೆ ಬಿಡಬಹುದಿತ್ತು. ಬಿಡದೆ ಇರಲು ಕಾರಣ, ಅಂದು ರಾತ್ರಿ ಅಂಕಪಟ್ಟಿಯನ್ನು ಮತ್ತೆ ಓದಿದಾಗ ಹುಟ್ಟಿದ ಪ್ರಶ್ನೆ. ಐದನೇ ಗುಂಪು ಹಿಂದೆ ಅಡಗಿದ್ದಕ್ಕೆ ನಮಗೊಬ್ಬರಿಗೇ ನಷ್ಟವಾಯಿತೇ, ಅರ್ಜಿ ಹಾಕದ ತಂಡಗಳಿಗೂ ಆಗಿತ್ತೇ?

ಆಯೋಜಕರಿಗೆ ಪತ್ರ ಬರೆದೆ. ಬಹಳ ದಿನ ಉತ್ತರವಿಲ್ಲ. ಬಂದ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು: ನಿಮ್ಮ ಕಾಳಜಿಗೆ ಧನ್ಯವಾದ, ನಮ್ಮ ಜಡ್ಜ್‌ಗಳು ಅನುಭವಿಗಳು, ಸಲಹೆಯನ್ನು ಗಮನಿಸಲಾಗಿದೆ. ನನ್ನ ಪತ್ರವೂ ಅಂಥದ್ದೇ ಆಗಿತ್ತು ಅನ್ನಿ, ಅದರಲ್ಲಿ 'ನ್ಯಾಯ', 'ಪಾರದರ್ಶಕತೆ' ಎಂಬ ಪದಗಳಿದ್ದವು, ಅಂಕಿ ಇರಲಿಲ್ಲ. ಎರಡನೇ ಪತ್ರಕ್ಕೆ ಅಂಕಿ ಬೇಕು, ಅಂಕಿಗೆ ಬೇರೆ ತಂಡಗಳ ಅಂಕಪಟ್ಟಿ ಬೇಕು.

ಕೋಚ್‌ಗಳು ಅಂಕಪಟ್ಟಿಯನ್ನು ಸುಲಭಕ್ಕೆ ಕೊಡುವುದಿಲ್ಲ. ಕೆಲವರಿಗೆ ನಾಚಿಕೆ, ಕೆಲವರಿಗೆ ಮುಂದಿನ ಸೀಸನ್‌ನ ಗುಟ್ಟು ಹೋದೀತೆಂಬ ಭಯ, ಇನ್ನು ಕೆಲವರಿಗೆ 'ಇವರ ಜೊತೆ ಸೇರಿದರೆ ಜಡ್ಜ್‌ಗಳು ನಮ್ಮ ಮೇಲೆ ಕಣ್ಣಿಡುತ್ತಾರೆ' ಎನ್ನುವ ಅನುಮಾನ. ತಂಡದ ಹೆಸರು ಕತ್ತರಿಸಿ ಬರೀ ಅಂಕ ಕಳಿಸಿ ಎಂದು ಕೇಳಿದ ಮೇಲೆ ಒಂದೊಂದಾಗಿ ಬಂದವು. ಎಲ್ಲರಿಗಿಂತ ಮೊದಲು ಕಳಿಸಿದ್ದು ಮೂರನೇ ಸ್ಥಾನ ಹಂಚಿಕೊಂಡ ಆ ಕೋಚ್. ಜೊತೆಗೆ ಒಂದು ಸಾಲು: 'ನಮ್ಮದರಲ್ಲೂ ಒಂದು ಗುಂಪು ಕಡಿಮೆ ಎಣಿಸಿದ್ದಾರೆ ಅನ್ನಿಸುತ್ತೆ, ನೋಡಿ.' ನೋಡಿದೆ. ಹೌದು.

ಈ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ನಾನು ಹುಡುಕದೇ ಇದ್ದ ಸಂಗತಿಯೊಂದು ಕಣ್ಣಿಗೆ ಬಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದೆ ಸಮಿತಿಯಲ್ಲಿ ಕೆಲಸಕ್ಕೆ ಬಂದದ್ದು ಇದೇ.

ಐಸಿಯು ಟೀಮ್ ಚಿಯರ್ ಹಾಳೆಯಲ್ಲಿ ಒಟ್ಟು 100 ಅಂಕ: ಸ್ಟಂಟ್‌ಗೆ 25, ಪಿರಮಿಡ್‌ಗೆ 25, ಬಾಸ್ಕೆಟ್ ಟಾಸ್‌ಗೆ 15, ಟಂಬ್ಲಿಂಗ್‌ಗೆ 10, ಘೋಷಣೆಯ ಭಾಗಕ್ಕೆ 10, ರೂಟೀನ್‌ನ ಹರಿವಿಗೆ 5, ಒಟ್ಟಾರೆ ಪ್ರದರ್ಶನಕ್ಕೆ 10. ನಾವು ಹೋಗಿದ್ದ ಸ್ಪರ್ಧೆಯ ಹಂಚಿಕೆಯೂ ಹೆಚ್ಚುಕಡಿಮೆ ಇದೇ ಧಾಟಿಯದು. ಇದನ್ನು ನೋಡಿದವರು ಸ್ಟಂಟ್ ಮತ್ತು ಪಿರಮಿಡ್ ಗೆದ್ದವರೇ ಸ್ಪರ್ಧೆ ಗೆಲ್ಲುತ್ತಾರೆ ಎಂದುಕೊಳ್ಳುತ್ತಾರೆ, ನಾವೂ ಹಾಗೆಂದುಕೊಂಡು ವರ್ಷವಿಡೀ ಅದಕ್ಕೇ ಬೆವರು ಹರಿಸಿದ್ದೆವು. ಆದರೆ ಹಾಳೆಗಳಲ್ಲಿ ಕಂಡದ್ದು ಬೇರೆ. ಸ್ಟಂಟ್‌ಗೆ 25 ಇದ್ದರೂ ಜಡ್ಜ್‌ಗಳು ಹೆಚ್ಚಿನ ತಂಡಗಳಿಗೆ 20.5ರಿಂದ 21.5ರ ಒಳಗೇ ಕೊಟ್ಟಿದ್ದರು. ತಂಡ ತಂಡಕ್ಕೆ ಇದ್ದ ವ್ಯತ್ಯಾಸ ಒಂದೇ ಅಂಕ. ಪ್ರದರ್ಶನಕ್ಕೆ ಇರುವುದು ಹತ್ತೇ ಅಂಕ, ಆದರೆ ಅಲ್ಲಿ ಆರರಿಂದ ಒಂಬತ್ತರವರೆಗೆ ಹರಡಿತ್ತು. ಹಾಗಾದರೆ ಸ್ಥಾನ ತೀರ್ಮಾನಿಸಿದ್ದು ಯಾವುದು? ನಗು, ಉತ್ಸಾಹ, 'ವಾತಾವರಣ'. ಎಲ್ಲರಿಗೂ ಸರಿಸುಮಾರು ಒಂದೇ ಅಂಕ ಸಿಗುವ ಕಾಲಮ್‌ಗೆ 25 ಇದ್ದರೇನು, 50 ಇದ್ದರೇನು, ಅದು ಯಾರನ್ನೂ ಮೇಲೆ ಕೆಳಗೆ ಮಾಡುವುದಿಲ್ಲ. ಅಂಕ ಎಲ್ಲಿ ಹರಡುತ್ತದೋ ಆ ಕಾಲಮ್ಮೇ ಗೆಲ್ಲಿಸುವುದು. ಮರುಪರಿಶೀಲನೆಗೆ ಒಳಪಡದ ಕಾಲಮ್ಮೂ ಅದೇ!

ಈ ಅನ್ಯಾಯಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ಕಠಿಣತೆಯ ಶ್ರೇಣಿ ಚಿಕ್ಕದು, ಒಳಗೆ ಅಲುಗಾಡಲು ಜಾಗವಿಲ್ಲ. ಪ್ರದರ್ಶನಕ್ಕೆ ಶ್ರೇಣಿಯೇ ಇಲ್ಲ, ಜಡ್ಜ್ ಕೈ ಎಲ್ಲಿಗೆ ಬೇಕಾದರೂ ಹೋಗಬಹುದು.

ಎರಡನೇ ಪತ್ರದಲ್ಲಿ ದೂರು ಇರಲಿಲ್ಲ. ಒಂದು ಪುಟ, ಒಂದು ಕೋಷ್ಟಕ: ಕಾಲಮ್, ನಿಗದಿಯಾದ ಗರಿಷ್ಠ ಅಂಕ, ಅತಿ ಹೆಚ್ಚು ಸಿಕ್ಕಿದ್ದು, ಅತಿ ಕಡಿಮೆ ಸಿಕ್ಕಿದ್ದು, ಅವೆರಡರ ಅಂತರ. ಕೆಳಗೆ ಕೋಚ್‌ಗಳ ಸಹಿ. ಈ ಸಲ ಉತ್ತರ ಬೇಗ ಬಂತು, ನಿಯಮ ಸಮಿತಿಯ ಸಭೆಗೆ ಬನ್ನಿ ಎಂದಿತ್ತು. ಪ್ರಯಾಣದ ಖರ್ಚು ನಿಮ್ಮದೇ ಎಂದೂ ಇತ್ತು.

ಸಭೆಯಲ್ಲಿ ನಾನು ನಿರೀಕ್ಷಿಸಿದ್ದು ಜಗಳ. ಸಿಕ್ಕಿದ್ದು ದಣಿದ ಜನ. ಹಿರಿಯ ಜಡ್ಜ್ ಒಬ್ಬರು ಹೇಳಿದ್ದನ್ನು ಬರೆದುಕೊಂಡೆ: 'ಮೇಡಂ, ಒಂದು ರೂಟೀನ್ ಮುಗಿದು ಇನ್ನೊಂದು ತಂಡ ಮ್ಯಾಟ್‌ಗೆ ಬರುವುದರೊಳಗೆ ನಾನು ಸ್ಟಂಟ್‌ಗೂ ಹಾಕಬೇಕು, ಟಂಬ್ಲಿಂಗ್‌ಗೂ ಹಾಕಬೇಕು, ಎರಡು ಸಾಲು ಸಲಹೆಯನ್ನೂ ಬರೆಯಬೇಕು. ತಲೆ ತಗ್ಗಿಸಿ ಬರೆಯುವಾಗ ಮ್ಯಾಟ್ ಮೇಲೆ ಏನಾಯಿತೋ ದೇವರಿಗೇ ಗೊತ್ತು.' ಆ ಮಾತಿನ ಮೇಲೆ ಸಭೆಯ ದಿಕ್ಕೇ ಬದಲಾಯಿತು. ಜಡ್ಜ್ ಒಳ್ಳೆಯವರೋ ಕೆಟ್ಟವರೋ ಎಂಬ ಮಾತು ನಿಂತು, ಅವರಿಗೆ ಏನು ಕಾಣುತ್ತದೆ, ಎಷ್ಟು ಹೊತ್ತು ಸಿಗುತ್ತದೆ ಎಂಬ ಮಾತು ಶುರುವಾಯಿತು.

ಮೇಜನ್ನು ಎತ್ತರದ ವೇದಿಕೆ ಮೇಲೆ ಇಡುವುದಕ್ಕೆ ಯಾರೂ ಅಡ್ಡಿ ಹೇಳಲಿಲ್ಲ. ಅದೇ ಎತ್ತರಕ್ಕಿಂತ ಮೇಲೆ ಒಂದು ಅಧಿಕೃತ ಕ್ಯಾಮೆರಾ, ಅದಕ್ಕೂ ಒಪ್ಪಿಗೆ. ಸ್ಟಂಟ್‌, ಪಿರಮಿಡ್ ನೋಡುವವರು ಅದನ್ನು ಮಾತ್ರ ನೋಡಬೇಕು, ಟಂಬ್ಲಿಂಗ್ ನೋಡುವವರು ಟಂಬ್ಲಿಂಗ್ ಮಾತ್ರ, ಡಿಡಕ್ಷನ್‌ಗೆ ಬೇರೆಯವರು. ದೊಡ್ಡ ಸ್ಪರ್ಧೆಗಳಲ್ಲಿ ಇದು ಮೊದಲಿನಿಂದ ಇದೆ, ನಮ್ಮಲ್ಲಿ ಜಡ್ಜ್ ಸಂಖ್ಯೆ ಸಾಲದೆ ಎಲ್ಲರೂ ಎಲ್ಲವನ್ನೂ ನೋಡುತ್ತಿದ್ದರು. ತಂಡಗಳು ಮೊದಲೇ ತಮ್ಮ ರೂಟೀನ್‌ನ ಕೌಶಲಗಳ ಪಟ್ಟಿ ಕೊಡಬೇಕು ಎನ್ನುವುದು ನನ್ನ ಸಲಹೆ. ಸ್ಕೇಟಿಂಗ್‌ನಲ್ಲಿ ಮುಂಚಿತವಾಗಿ ಕಾರ್ಯಕ್ರಮದ ಪಟ್ಟಿ ಸಲ್ಲಿಸುವ ಪದ್ಧತಿಯಿದೆ. ಜಡ್ಜ್‌ಗೆ ಎಲ್ಲಿ ಏನು ಬರುತ್ತದೆ ಎಂದು ಗೊತ್ತಿದ್ದರೆ ಐದು ಗುಂಪು ಎಣಿಸುವುದು ಸುಲಭ. 'ಪಟ್ಟಿ ಓದಿದವರು ಮ್ಯಾಟ್ ಮೇಲೆ ಇಲ್ಲದ್ದನ್ನೂ ನೋಡುತ್ತಾರೆ' ಎಂದು ಒಬ್ಬರು ತಕರಾರು ತೆಗೆದರು. ಮಾತಿನಲ್ಲಿ ಸತ್ಯವಿದೆ. ಹಾಗಾಗಿ ಪಟ್ಟಿ ಎಣಿಸುವ ಜಡ್ಜ್‌ಗೆ ಮಾತ್ರ, ಗುಣಮಟ್ಟ ನೋಡುವವರಿಗೆ ಇಲ್ಲ ಎಂದಾಯಿತು. ಕಠಿಣತೆಗೊಂದು, ನಿರ್ವಹಣೆಗೊಂದು ಪ್ರತ್ಯೇಕ ಜಡ್ಜ್ ಗುಂಪು ಎನ್ನುವ ಈ ಯೋಚನೆ ಹೊಸದೇನಲ್ಲ. 2004ರ ಅಥೆನ್ಸ್‌ನಲ್ಲಿ ದಕ್ಷಿಣ ಕೊರಿಯಾದ ಜಿಮ್ನಾಸ್ಟ್ ಯಾಂಗ್ ತೇ-ಯಂಗ್‌ ಅವರ ಪ್ಯಾರಲಲ್ ಬಾರ್ಸ್‌ನ ಆರಂಭಿಕ ಮೌಲ್ಯವನ್ನು (ತಪ್ಪಿಲ್ಲದೆ ಮಾಡಿದರೆ ಸಿಗುವ ಅಂಕವನ್ನು) 10.0 ಬದಲು 9.9 ಎಂದು ಹಾಕಿ, ದೂರು ಹೊತ್ತಿಗೆ ಸರಿಯಾಗಿ ಬರಲಿಲ್ಲವೆಂದು ಅವರು ಕಂಚಿಗೇ ಉಳಿದರು. 2006ರಲ್ಲಿ ಜಿಮ್ನಾಸ್ಟಿಕ್ಸ್ 'ಪರಿಪೂರ್ಣ ಹತ್ತು' ಪದ್ಧತಿಯನ್ನೇ ಕೈಬಿಟ್ಟು ಕಠಿಣತೆ, ನಿರ್ವಹಣೆಗಳನ್ನು ಬೇರೆ ಬೇರೆ ಅಂಕವಾಗಿ ಒಡೆಯಿತು.

ನಿಜವಾದ ವಾದ ನಡೆದದ್ದು ಎರಡು ವಿಷಯಕ್ಕೆ.

ಒಂದು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕ ಕೊಟ್ಟವರನ್ನು ಬಿಟ್ಟು ಉಳಿದವರ ಸರಾಸರಿ ತೆಗೆಯುವುದು. ಕೇಳಲು ಚೆನ್ನ. ಆದರೆ ನಮ್ಮಲ್ಲಿ ಒಂದು ವಿಭಾಗಕ್ಕೆ ಮೂವರೇ ಜಡ್ಜ್. 8.1, 8.2, 9.4 ಎಂದು ಕೊಟ್ಟರೆ ಸರಾಸರಿ 8.57. ಮೇಲಿನದನ್ನೂ ಕೆಳಗಿನದನ್ನೂ ಬಿಟ್ಟರೆ ಉಳಿಯುವುದು 8.2 ಒಂದೇ, ಅಂದರೆ ಒಬ್ಬರ ಮಾತು. ಅದು ಕೆಟ್ಟದ್ದೇ ಎಂದಲ್ಲ, ಒಬ್ಬ ಜಡ್ಜ್ ದಾರಿತಪ್ಪಿದರೆ ತಂಡ ಬಚಾವಾಗುತ್ತದೆ. ಆದರೂ ಇದರ ಪೂರ್ತಿ ಲಾಭ ಬರುವುದು ಐವರಾದರೂ ಇದ್ದಾಗ. ಐವರಿಗೆ ಗೌರವಧನ, ಊಟ, ವಸತಿ ಎಂದು ಖಜಾಂಚಿ ಲೆಕ್ಕ ಒಪ್ಪಿಸಿದ ಮೇಲೆ ಅದು ಬಿದ್ದುಹೋಯಿತು. ಬದಲಿಗೆ, ಒಬ್ಬರ ಅಂಕ ಉಳಿದವರಿಗಿಂತ ನಿಗದಿತ ಅಂತರಕ್ಕಿಂತ ದೂರ ಹೋದರೆ ಅಂಕ ಪ್ರಕಟಿಸುವ ಮೊದಲು ಮುಖ್ಯ ಜಡ್ಜ್ ಅವರನ್ನು ಕರೆದು ಮಾತಾಡಬೇಕು ಎಂದಾಯಿತು. ಇದರ ಬಗ್ಗೆ ನನಗೆ ಈಗಲೂ ಅರೆಮನಸ್ಸು. ಕಿರಿಯ ಜಡ್ಜ್ ಕರೆ ಬಂದೀತೆಂದು ಹೆದರಿ ಮೊದಲೇ ನಡುವಿಗೆ ಸರಿದು ಅಂಕ ಹಾಕಿದರೆ ಹರಡುವಿಕೆ ಇನ್ನಷ್ಟು ಕುಗ್ಗುತ್ತದೆ.

ಎರಡನೆಯದು ಹೆಸರು ಮುಚ್ಚಿಡುವುದು. ಯಾವ ಜಡ್ಜ್ ಎಷ್ಟು ಕೊಟ್ಟರು ಎಂದು ತೋರಿಸದಿದ್ದರೆ ಅವರ ಮೇಲೆ ಒತ್ತಡವಿರುವುದಿಲ್ಲ ಎಂದು ಒಬ್ಬರು ಪಟ್ಟು ಹಿಡಿದರು. ಸಾಲ್ಟ್ ಲೇಕ್ ಹಗರಣದ ನಂತರ ಸ್ಕೇಟಿಂಗ್ ಮಾಡಿದ್ದೂ ಅದನ್ನೇ. ಒತ್ತಡ ಹಾಕುವವರಿಂದ ಜಡ್ಜ್‌ಗಳನ್ನು ಕಾಪಾಡಲೆಂದು ತಂದ ಮರೆ, ಪಕ್ಷಪಾತ ಮಾಡುವವರಿಗೂ ಮರೆಯಾಯಿತು ಎಂಬ ಟೀಕೆ ವರ್ಷಗಟ್ಟಲೆ ಕೇಳಿಬಂದು, 2016ರಲ್ಲಿ ಅದನ್ನು ತೆಗೆದುಹಾಕಿದರು. ನಾನು ಇದನ್ನೇ ಹೇಳಿದೆ. ಚಿಯರ್‌ಲೀಡಿಂಗ್‌ನದು ಸಣ್ಣ ಲೋಕ. ಇವತ್ತು ಮೇಜಿನ ಹಿಂದೆ ಕೂತವರು ನಾಳೆ ಯಾವುದೋ ತಂಡಕ್ಕೆ ಕೊರಿಯೋಗ್ರಫಿ ಮಾಡುತ್ತಾರೆ, ಮೊನ್ನೆ ಇನ್ಯಾವುದೋ ತಂಡದ ಶಿಬಿರ ನಡೆಸಿದ್ದಾರೆ. ಅದು ತಪ್ಪಲ್ಲ, ಬೇರೆ ಜನ ಎಲ್ಲಿಂದ ತರುವುದು? ಆದರೆ ಅದನ್ನು ಬರೆದು ಕೊಡಬೇಕು, ಆ ತಂಡ ಬಂದಾಗ ಅವರ ಜಾಗದಲ್ಲಿ ಬೇರೆಯವರು ಕೂರಬೇಕು, ಅಂಕಪಟ್ಟಿಯಲ್ಲಿ ಹೆಸರಿರಬೇಕು. ಮತಕ್ಕೆ ಹಾಕಿದಾಗ ಕೂದಲೆಳೆಯ ಅಂತರದಲ್ಲಿ ಇದು ಪಾಸಾಯಿತು.

ಜಾರಿಗೆ ಮುನ್ನ ಒಂದು ಸಣ್ಣ ಸ್ಪರ್ಧೆಯಲ್ಲಿ ಪ್ರಯೋಗ. ಹಳೆಯ ಪದ್ಧತಿಯ ಜಡ್ಜ್‌ಗಳ ಅಂಕವೇ ಅಧಿಕೃತ, ಪಕ್ಕದಲ್ಲಿ ಹೊಸ ಪದ್ಧತಿಯವರು ನೆರಳಿನಂತೆ ಅಂಕ ಹಾಕುವುದು. ಹಿಂದಿನ ಸಂಜೆ ಎಲ್ಲರನ್ನೂ ಕೂರಿಸಿ ಹಳೆಯ ರೂಟೀನ್‌ಗಳ ವಿಡಿಯೋ ಹಾಕಿ ಪ್ರತ್ಯೇಕವಾಗಿ ಅಂಕ ಕೊಡಿಸಿದೆವು. ಒಂದೇ ರೂಟೀನ್‌ನ ಪ್ರದರ್ಶನಕ್ಕೆ ಒಬ್ಬರು ಆರೂವರೆ, ಇನ್ನೊಬ್ಬರು ಒಂಬತ್ತು! ಕೋಣೆಯಲ್ಲಿ ನಗು. 'ನಗುಮುಖಕ್ಕೆ ಕೊಟ್ಟೆ' ಎಂದರು ಒಬ್ಬರು. 'ಅದು ಬಲವಂತದ ನಗು, ಅದಕ್ಕೇ ಕಡಿಮೆ ಮಾಡಿದೆ' ಎಂದರು ಇನ್ನೊಬ್ಬರು. ಆ ಸಂಜೆ ತಡವಾಗುವವರೆಗೆ ಕೂತು ಪ್ರದರ್ಶನಕ್ಕೂ ಶ್ರೇಣಿಗಳನ್ನು ಬರೆದೆವು: ಇಷ್ಟಿದ್ದರೆ ಇಲ್ಲಿಂದ ಇಲ್ಲಿಗೆ, ಆರಂಭದಿಂದ ಕೊನೆಯವರೆಗೆ ಉಳಿದರೆ ಮಾತ್ರ ಇದು, ಎಂದು. ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಆ ಸಂಜೆ. ಅದಕ್ಕೆ ಖರ್ಚಾದದ್ದು ಒಂದು ಪ್ರೊಜೆಕ್ಟರ್ ಮತ್ತು ಚಹಾ.

ಮೊದಲು ಬರುವ ತಂಡದ ಸಮಸ್ಯೆಯೂ ಅಲ್ಲೇ ಎದ್ದಿತು. ಮುಂದೆ ಇನ್ನೂ ಚೆನ್ನಾಗಿ ಮಾಡುವವರು ಬರಬಹುದು ಎಂದು ಜಡ್ಜ್ ಮೊದಲ ತಂಡಕ್ಕೆ ಅಂಕ ಹಿಡಿದು ಕೊಡುತ್ತಾರೆ, ಕೊನೆಗೆ ಬರುವವರಿಗೆ ಕೈ ಸಡಿಲವಾಗುತ್ತದೆ. ಅಂಕ ಕೊಡುವ ಬೇರೆ ಆಟಗಳಲ್ಲೂ, ಹಾಡಿನ ಸ್ಪರ್ಧೆಗಳಲ್ಲೂ ಈ ಒಲವನ್ನು ಸಂಶೋಧಕರು ಗುರುತಿಸಿದ್ದಾರೆ. ಪೂರ್ತಿ ಮದ್ದಿಲ್ಲ. ಮೊದಲ ತಂಡಕ್ಕೆ ಮುಂಚೆ ಜಡ್ಜ್‌ಗಳು ಒಂದು ಮಾದರಿ ರೂಟೀನ್‌ಗೆ ಅಂಕ ಹಾಕಿ ಕೈ ಪಳಗಿಸಿಕೊಳ್ಳುವುದು, ಸರದಿಯನ್ನು ಎಲ್ಲರೆದುರು ಚೀಟಿ ಎತ್ತಿ ನಿರ್ಧರಿಸುವುದು, ಸದ್ಯಕ್ಕೆ ಇಷ್ಟೇ.

ಪ್ರಯೋಗದ ದಿನ ತೊಂದರೆ ಬಂದದ್ದು ಯಾರೂ ಊಹಿಸದ ಕಡೆಯಿಂದ. ಹಾಳೆಗಳು ಹೆಚ್ಚಾಗಿ ಅಂಕ ಕೂಡಿಸುವ ಕೋಣೆ ಉಸಿರುಗಟ್ಟಿತು, ಕಾರ್ಯಕ್ರಮ ತಡವಾಯಿತು, ಬಿಸಿ ಮಾಡಿಕೊಂಡ ಮಕ್ಕಳ ಮೈ ಮತ್ತೆ ತಣ್ಣಗಾಯಿತು. ಇದು ಬರೀ ಕಿರಿಕಿರಿಯಲ್ಲ, ಮೈ ತಣ್ಣಗಾದ ಟಂಬ್ಲರ್‌ಗೆ ಪೆಟ್ಟಾಗುತ್ತದೆ. ಹಾಗಾಗಿ ಅಂತಿಮ ನಿಯಮದಲ್ಲಿ ತಂಡಗಳ ನಡುವಿನ ಬಿಡುವನ್ನು ಮೊದಲೇ ವೇಳಾಪಟ್ಟಿಯಲ್ಲಿ ಸೇರಿಸಿದರು. ಒಬ್ಬರು ನಮೂದಿಸಿದ ಅಂಕವನ್ನು ಇನ್ನೊಬ್ಬರು ಮೂಲ ಹಾಳೆಗೆ ತಾಳೆ ನೋಡಿಯೇ ಪ್ರಕಟಿಸಬೇಕು ಎಂಬುದನ್ನೂ ಸೇರಿಸಿದರು. ಅದಕ್ಕಿಂತ ಮುಖ್ಯವಾಗಿ, ಬಹುಮಾನ ವಿತರಣೆ ಈಗ ಮರುಪರಿಶೀಲನೆಯ ಗಡುವು ಮುಗಿದ ಮೇಲೆ. ಕೊರಳಿಗೆ ಬಿದ್ದ ಪದಕವನ್ನು ಏನು ಮಾಡುವುದು ಎಂದು ಇನ್ನು ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒಪ್ಪಿಗೆಯಾಗದೆ ಉಳಿದವೂ ಇವೆ. ಎಲ್ಲ ತಂಡಗಳ ಪೂರ್ತಿ ಅಂಕಪಟ್ಟಿಯನ್ನು ಎಲ್ಲರಿಗೂ ತೆರೆದಿಡಬೇಕೆಂದು ಕೇಳಿದ್ದೆ, ಚಿಕ್ಕ ಮಕ್ಕಳ ವಿಭಾಗದಲ್ಲಿ ಅದು ಬೇಡ ಎಂದರು. ಕಾಲಮ್‌ವಾರು ಅತಿ ಹೆಚ್ಚು, ಅತಿ ಕಡಿಮೆ ಅಂಕವನ್ನು ಮಾತ್ರ ಹೆಸರಿಲ್ಲದೆ ಪ್ರಕಟಿಸುತ್ತಾರೆ. ನನಗೆ ಅಷ್ಟು ಸಾಕು, ಹರಡುವಿಕೆ ಅದರಲ್ಲೇ ಗೊತ್ತಾಗುತ್ತದೆ. ಟೈ ಆದರೆ ಯಾವ ಕಾಲಮ್ ನೋಡಬೇಕು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಈ ಸೀಸನ್‌ನ ಮೊದಲ ಸ್ಪರ್ಧೆಯಲ್ಲಿ ನಾವು ಐದನೆಯವರು. ಬಾಸ್ಕೆಟ್ ಟಾಸ್‌ನಲ್ಲಿ ಎರಡು ಗುಂಪಿನ ಎತ್ತರ ಸಾಲದು ಎಂದು ಹೆಸರು ಹಾಕಿದ ಜಡ್ಜ್ ಬರೆದಿದ್ದರು. ಸಂಜೆ ಅಧಿಕೃತ ವಿಡಿಯೋ ನೋಡಿದೆ, ಸಾಲದು ನಿಜ. ಹುಡುಗಿಯರು ಗೊಣಗಿದರು, ನಾನು ಅರ್ಜಿ ತೆಗೆದುಕೊಳ್ಳಲಿಲ್ಲ.

ನೀವು ಅರ್ಜಿ ಹಾಕುವುದಾದರೆ ಇದಿಷ್ಟು ಕೈಯಲ್ಲಿರಲಿ: ನಿಮ್ಮ ವಯೋವರ್ಗ, ಲೆವೆಲ್‌ಗೆ ಅನ್ವಯಿಸುವ ನಿಯಮದ ಪುಟದ ಮುದ್ರಿತ ಪ್ರತಿ, ಕೌಶಲಗಳ ಪಟ್ಟಿ, ಪ್ರತಿಯೊಂದೂ ಎಷ್ಟನೇ ಸೆಕೆಂಡಿಗೆ ಬರುತ್ತದೆ ಎಂಬ ಟಿಪ್ಪಣಿ. ಅರ್ಜಿಗೆ ಸಹಿ ಹಾಕುವವರು ನೋಂದಾಯಿತ ಕೋಚ್ ಆಗಿರಬೇಕು, ಪೋಷಕರು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಒಂದು ಅರ್ಜಿಗೆ ಒಂದೇ ವಿಷಯ. ಶುಲ್ಕದ ರಸೀದಿಯನ್ನು ಜೋಪಾನ ಮಾಡಿ. ಗೆದ್ದರೆ ವಾಪಸ್ ಎಂದು ನಿಯಮದಲ್ಲಿದೆ, ಆದರೆ ಅದಕ್ಕೂ ಬೇರೆ ಅರ್ಜಿ ಕೊಡಬೇಕು ಎಂದು ನನಗೆ ತಿಳಿದದ್ದು ಹೋದ ವಾರ. ಕೊಟ್ಟಿದ್ದೇನೆ.